ಸೇವಾ ವಿಸ್ತರಣೆ ಕುರಿತು ಟರ್ಬೋ ಸಿ ಅವರಿಗೊಂದು ಬಹಿರಂಗ ಪತ್ರ

ಗೆ,
ಶ್ರೀ ಟರ್ಬೋ ಸಿ ಅವರು,
ಹಿರಿಯ ಕಂಪೈಲರ್, ಪ್ರೋಗ್ರಾಮಿಂಗ್ ಲ್ಯಾಬ್,
ಯಾವುದಾದರೊಂದು ಎಂಜಿನಿಯರಿಂಗ್ ಕಾಲೇಜು.

ವಿಷಯ: ತಮ್ಮ ಸೇವೆಯನ್ನು ಮುಂದಿನ ಆದೇಶದವರೆಗೆ ಮುಂದುವರಿಸುವ ಬಗ್ಗೆ.

ಮಾನ್ಯರೆ,

ಈ ವರ್ಷವೂ ಹೊಸ ಬ್ಯಾಚಿನ ಹುಡುಗರು ನಿಮ್ಮ ನೀಲಿ ಪರದೆಗೆ ಕೈಮುಗಿದೇ ಎಂಜಿನಿಯರಿಂಗ್ ಶುರು ಮಾಡಿದ್ದಾರೆಂದು ಕೇಳಿ ಸಂತೋಷವಾಯಿತು. 1987ರಲ್ಲಿ ಬೋರ್ಲ್ಯಾಂಡ್ ಕಂಪನಿ ನಿಮ್ಮನ್ನು ಹೊರತಂದಾಗ ನಿಮ್ಮ ವೇಗಕ್ಕೆ ಜನ ಬೆರಗಾಗಿದ್ದರು. ಬರೆಯುವುದು, ಕಂಪೈಲ್ ಮಾಡುವುದು, ತಪ್ಪು ಹುಡುಕುವುದು ಎಲ್ಲವೂ ಒಂದೇ ಪರದೆಯಲ್ಲಿ. ಆ ಬೋರ್ಲ್ಯಾಂಡೇ 2009ರಲ್ಲಿ ಮೈಕ್ರೋ ಫೋಕಸ್ ಪಾಲಾಯಿತು. ನೀವು ಮಾತ್ರ ನಮ್ಮ ಲ್ಯಾಬಿನ ಕುರ್ಚಿ ಬಿಟ್ಟು ಕದಲಲಿಲ್ಲ. 64 ಬಿಟ್ ವಿಂಡೋಸ್ ಬಂದು ನಿಮ್ಮನ್ನು ಒಳಗೆ ಬಿಡುವುದಿಲ್ಲ ಎಂದಾಗಲೂ ನಮ್ಮವರು ಎದೆಗುಂದಲಿಲ್ಲ. ಹಳೆಯ ಗೇಮ್ ಆಡುವವರಿಗೆಂದು ಯಾರೋ ಪುಣ್ಯಾತ್ಮರು ಮಾಡಿಟ್ಟಿದ್ದ ಡಾಸ್‌ಬಾಕ್ಸ್‌ನಲ್ಲಿ ನಿಮ್ಮನ್ನು ಕೂರಿಸಿ ಮತ್ತೆ ಲ್ಯಾಬಿಗೆ ಕರೆತಂದರು. ಬಾಗಿಲ ಮೇಲಿನ ಬೋರ್ಡು ಈಗ ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಅಂಡ್ ಮಷೀನ್ ಲರ್ನಿಂಗ್’. ಬಾಗಿಲ ಒಳಗೆ ತಾವೇ.

ನಿಮ್ಮ ಸೇವೆಯ ಒಂದು ಮಾದರಿಯನ್ನಾದರೂ ಇಲ್ಲಿ ದಾಖಲಿಸಬೇಕು. ಫ್ಯಾಕ್ಟೋರಿಯಲ್ ಪ್ರೋಗ್ರಾಂ. ರೆಕಾರ್ಡಿನ ಬಲಪುಟದಲ್ಲಿ ನೀಲಿ ಪೆನ್ನಿನಲ್ಲಿ ಕೋಡು, ಗೆರೆಯಿಲ್ಲದ ಎಡಪುಟದಲ್ಲಿ ಪೆನ್ಸಿಲ್ಲಿನಲ್ಲಿ ಔಟ್‌ಪುಟ್: 5 ಕೊಟ್ಟರೆ 120. ಸೀನಿಯರ್ ರೆಕಾರ್ಡಿನಲ್ಲೂ 5, ಅದನ್ನು ನೋಡಿ ಬರೆದ ಜೂನಿಯರ್ ರೆಕಾರ್ಡಿನಲ್ಲೂ 5. ಒಂದು ದಿನ ಹುಡುಗಿಯೊಬ್ಬಳು ಸುಮ್ಮನಿರಲಾರದೆ 8 ಕೊಟ್ಟಳು. ಉತ್ತರ 40,320 ಬರಬೇಕಿತ್ತು. ನೀವು ಒಂದಿಷ್ಟೂ ಅಳುಕದೆ ಮೈನಸ್ 25,216 ಎಂದಿರಿ. ನಿಮ್ಮ ಇಂಟಿಜರಿಗೆ ಹದಿನಾರೇ ಬಿಟ್; 32,767 ದಾಟಿದರೆ ಲೆಕ್ಕ ಸುತ್ತು ಹಾಕಿ ಮೈನಸ್ಸಿಗೆ ಬೀಳುತ್ತದೆ. ಕಂಪ್ಯೂಟರ್ ಸಂಖ್ಯೆಯನ್ನು ಹೇಗೆ ಇಟ್ಟುಕೊಳ್ಳುತ್ತದೆ ಎಂಬ ಪಾಠವೆಲ್ಲ ಆ ಮೈನಸ್ ಗುರುತಿನ ಹಿಂದೆ ಕಾಯುತ್ತಿತ್ತು. ಮೇಷ್ಟ್ರು ಬಂದು ನೋಡಿ, “5 ಕೊಡಮ್ಮಾ, ಎಕ್ಸ್‌ಟರ್ನಲ್ ಮುಂದೆ ಇದೆಲ್ಲ ಮಾಡಕ್ಕೆ ಹೋಗ್ಬೇಡ” ಎಂದರು. 120 ಬಂತು. ಕೆಂಪು ಇಂಕಿನ ಸಹಿಯೂ ಬಿತ್ತು.

ಕೆಲವು ಕಾಲೇಜುಗಳು ಉಬುಂಟುಗೆ ಹೋದವು, ಸಿಲಬಸ್ಸಿಗೆ ಪೈಥಾನ್ ಬಂತು ಎಂಬ ಸುದ್ದಿ ಕೇಳಿ ತಾವು ಗಾಬರಿಯಾಗಬೇಡಿ. ಎಲ್ಲಿ ಹೋದರೂ ನಡೆಯುತ್ತಿರುವುದು ತಮ್ಮ ಆಡಳಿತವೇ.

ಪಕ್ಕದ ಆಪರೇಟಿಂಗ್ ಸಿಸ್ಟಂ ಲ್ಯಾಬಿಗೆ ಹೋಗಿ ನೋಡಿ. ರೌಂಡ್ ರಾಬಿನ್ ಶೆಡ್ಯೂಲಿಂಗ್ ನಡೆದಿದೆ. ಪ್ರೋಗ್ರಾಂ ಮೊದಲು ವಿದ್ಯಾರ್ಥಿಯನ್ನೇ ಕೇಳುತ್ತದೆ: ಪ್ರೊಸೆಸ್ ಎಷ್ಟು? ಒಂದೊಂದರ ಬರ್ಸ್ಟ್ ಟೈಂ ಎಷ್ಟು? ಅವನು ಪಠ್ಯಪುಸ್ತಕದಲ್ಲಿರುವಂತೆ 24, 3, 3 ಎಂದು ಒತ್ತುತ್ತಾನೆ. ಟೈಂ ಕ್ವಾಂಟಮ್ 4. ಸರಾಸರಿ ವೇಟಿಂಗ್ ಟೈಂ 5.67 ಬಂದರೆ ಮಾರ್ಕ್ಸ್ ಖಾತ್ರಿ. ಒಂದು ಪ್ರೊಸೆಸ್ಸೂ ಹುಟ್ಟಲಿಲ್ಲ, ಯಾವುದೂ ಸರದಿಯಲ್ಲಿ ನಿಲ್ಲಲಿಲ್ಲ. ಅರೇಯೊಳಗಿನ ಅಂಕಿಗಳನ್ನು ಕೂಡಿ ಮೂರರಿಂದ ಭಾಗಿಸಿದ್ದಾಯಿತು. ಯಾವ ಪ್ರೋಗ್ರಾಂ ಎಷ್ಟು ಹೊತ್ತು ಓಡೀತು ಎಂದು ನಿಜವಾದ ಕರ್ನಲ್ಲಿಗೆ ಯಾರೂ ಮುಂಚಿತವಾಗಿ ಹೇಳುವುದಿಲ್ಲ, ಶೆಡ್ಯೂಲರಿನ ಕಷ್ಟವೆಲ್ಲ ಇರುವುದೇ ಅಲ್ಲಿ. ಲಿನಕ್ಸಿನವರು ಈ ಕಷ್ಟದ ಹಿಂದೆ ಬಿದ್ದು 2007ರಲ್ಲಿ ಹೊಸ ಶೆಡ್ಯೂಲರ್ ತಂದರು, 2023ರಲ್ಲಿ ಅದನ್ನೂ ಬದಲಿಸಲು ಹೊರಟರು. ಪಾಪ, ಬಳಸುವವರನ್ನೇ ಕೇಳಿ ಬರ್ಸ್ಟ್ ಟೈಂ ಒತ್ತಿಸಿಕೊಂಡಿದ್ದರೆ ಇಷ್ಟೆಲ್ಲ ಒದ್ದಾಟ ತಪ್ಪುತ್ತಿತ್ತು. ನಮ್ಮನ್ನು ಒಂದು ಮಾತು ಕೇಳಬಾರದಿತ್ತೇ?

ಅದರಾಚೆ ನೆಟ್‌ವರ್ಕ್ ಲ್ಯಾಬ್. ಅಲ್ಲಿ ನೆಟ್‌ವರ್ಕ್ ಒಂದನ್ನು ಬಿಟ್ಟು ಉಳಿದೆಲ್ಲವೂ ಇದೆ. ಲೀಕಿ ಬಕೆಟ್ ಪ್ರೋಗ್ರಾಮಿನಲ್ಲಿ ಪ್ಯಾಕೆಟ್ ಎಂದರೆ ರ‍್ಯಾಂಡಮ್ ಆಗಿ ಬಂದ ಒಂದು ಅಂಕಿ. ಅದು ಇದೇ ಕಂಪ್ಯೂಟರಿನಲ್ಲಿ ಹುಟ್ಟಿ ಇಲ್ಲಿಯೇ ಸೋರಿಹೋಗುತ್ತದೆ, ಕೇಬಲ್ಲಿನ ಮುಖ ನೋಡುವುದಿಲ್ಲ. ಥಿಯರಿಯಲ್ಲಿ ಒಎಸ್‌ಐ ಮಾದರಿಯ ಏಳು ಪದರ. ಇಂಟರ್‌ನೆಟ್ಟಿನ ಪೂರ್ವಜ ಆರ್ಪಾನೆಟ್ 1983ರ ಜನವರಿ 1ರಂದೇ ಟಿಸಿಪಿ/ಐಪಿಗೆ ಬದಲಾಗಿತ್ತು. ಏಳು ಪದರಕ್ಕೆ ಐಎಸ್‌ಒ ಮುದ್ರೆ ಬಿದ್ದದ್ದು 1984ರಲ್ಲಿ, ಕೂಸು ಓಡಾಡತೊಡಗಿದ ಮೇಲೆ ಹೊಲಿದ ಕುಲಾವಿಯಂತೆ. ಐಪಿ ವಿಳಾಸದ ಎ, ಬಿ, ಸಿ ಕ್ಲಾಸುಗಳನ್ನು ಇಂಟರ್‌ನೆಟ್ 1993ರಲ್ಲಿಯೇ ಕೈಬಿಡತೊಡಗಿತು. ನಮ್ಮ ಪ್ರಶ್ನೆಪತ್ರಿಕೆಗೆ ಇನ್ನೂ ಆ ಸಮಾಚಾರ ತಲುಪಿಲ್ಲ. ಪ್ಯಾಕೆಟ್ ಎಲ್ಲೋ ಡ್ರಾಪ್ ಆಗಿರಬೇಕು.

ಒಂದು ದಿನ ಲ್ಯಾಬಿನ ಇಂಟರ್‌ನೆಟ್ ಕೈಕೊಟ್ಟಿತು. ಏಳು ಪದರವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಒಪ್ಪಿಸಬಲ್ಲ ಇಡೀ ತರಗತಿ ಕೈಕಟ್ಟಿ ಕೂತಿತು. ಕೊನೆಗೆ ಸಿಸ್ಟಂ ಅಡ್ಮಿನ್‌ಗೆ ಫೋನ್ ಹೋಯಿತು. ಡಿಪ್ಲೊಮಾ ಓದಿದ ಹುಡುಗ. ಬಂದವನೇ ಸ್ವಿಚ್ಚಿನ ದೀಪ ನೋಡಿದ, ಕೇಬಲ್ ಕಿತ್ತು ಚುಚ್ಚಿದ, ಗೇಟ್‌ವೇಗೆ ಪಿಂಗ್ ಹೊಡೆದ, ಡಿಎನ್‌ಎಸ್ ವಿಳಾಸ ಬದಲಿಸಿದ, ಬ್ರೌಸರ್ ತೆರೆದು ತೋರಿಸಿ ಹೋದ. ಪದರಗಳನ್ನು ಒಂದೊಂದಾಗಿ ಹತ್ತಿ ಬಂದದ್ದು ಆ ವರ್ಷ ಅವನೊಬ್ಬನೇ. ಅವನಿಗೆ ಯಾರೂ ಹತ್ತು ಮಾರ್ಕ್ಸ್ ಕೊಡಲಿಲ್ಲ.

ತಾವು ಬಂದ 1987ರಲ್ಲಿಯೇ ಆಮ್‌ಸ್ಟರ್‌ಡ್ಯಾಮಿನಲ್ಲಿ ಆಂಡ್ರ್ಯೂ ಟಾನೆನ್‌ಬಾಮ್ ಎಂಬ ಮೇಷ್ಟ್ರು, ವಿದ್ಯಾರ್ಥಿಗಳು ಬಿಚ್ಚಿ ನೋಡಲೆಂದು ಮಿನಿಕ್ಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಂ ಬರೆದು ಹಂಚಿದರು. ಅದನ್ನು ಓಡಿಸಿ, ಅಷ್ಟಕ್ಕೆ ತೃಪ್ತಿಯಾಗದ ಹೆಲ್ಸಿಂಕಿಯ ಒಬ್ಬ ವಿದ್ಯಾರ್ಥಿ 1991ರಲ್ಲಿ ಲಿನಕ್ಸ್ ಶುರು ಮಾಡಿದ. ಎಂಐಟಿಯವರು 2006ರಲ್ಲಿ ಪಾಠಕ್ಕೆಂದೇ ಎಕ್ಸ್‌ವಿ6 ಬರೆದು ಬಿಟ್ಟಿಯಾಗಿ ಬಿಟ್ಟರು. ನಮ್ಮಲ್ಲಿ ಅಂಥ ಅಪಾಯವಿಲ್ಲ. ಮಿನಿಕ್ಸ್ ಏನಿದ್ದರೂ ‘ಟಿಪ್ಪಣಿ ಬರೆಯಿರಿ’ಯೊಳಗೆ ಬರುತ್ತದೆ, ಅದನ್ನು ಓಡಿಸಿದವನಿಗೆ ಅಟೆಂಡೆನ್ಸ್ ಶಾರ್ಟೇಜ್ ಆಗುತ್ತದೆ. ಕ್ಯಾಂಪಸ್ ಇಂಟರ್‌ವ್ಯೂನ ಆನ್‌ಲೈನ್ ಟೆಸ್ಟಿನಲ್ಲಿ ತಾವು ಕಲಿಸಿದಂತೆ ಕೊನಿಯೊ ಡಾಟ್ ಎಚ್ ಎಂದು ಶುರು ಮಾಡಿದ ಹುಡುಗನಿಗೆ, ಅಂಥ ಫೈಲೇ ಇಲ್ಲ ಎಂದು ಅಲ್ಲಿಯ ಕಂಪೈಲರ್ ಹೇಳುತ್ತದೆ. ಆಮೇಲೆ ಅವನು ಬಿಟಿಎಂ ಲೇಔಟಿನ ಪಿಜಿಯೊಂದರಲ್ಲಿದ್ದುಕೊಂಡು, ಅಪ್ಪನ ದುಡ್ಡಿನಲ್ಲಿ, ಪ್ರೋಗ್ರಾಮಿಂಗನ್ನು ಇನ್ನೊಮ್ಮೆ ಕಲಿಯುತ್ತಾನೆ.

ಇದೆಲ್ಲ ತಮ್ಮ ತಪ್ಪೆಂದು ಹೇಳುವವರು ವಿಷಯ ತಿಳಿಯದವರು. ಮೌಲ್ಯಮಾಪಕರ ಮುಂದೆ ಉತ್ತರಪತ್ರಿಕೆಗಳ ಕಟ್ಟು, ಒಂದೊಂದಕ್ಕೆ ಸಿಗುವುದು ಕೆಲವೇ ನಿಮಿಷ. ಏಳು ಪೆಟ್ಟಿಗೆಯ ಚಿತ್ರಕ್ಕೆ ಇಷ್ಟು, ವಿವರಣೆಗೆ ಇಷ್ಟು ಎಂದು ಅಂಕ ಹಂಚುವುದು ಸುಲಭ. ‘ಪ್ರೋಗ್ರಾಂ ಓಡಲಿಲ್ಲ, ಹುಡುಕಿದೆ, ಕಾರಣ ಇದು’ ಎಂಬ ಉತ್ತರಕ್ಕೆ ಸ್ಕೀಮಿನಲ್ಲಿ ಜಾಗವಿಲ್ಲ. ಹತ್ತು ಅಂಕದೊಳಗೆ ಕೂರುವುದು ಸಿಲಬಸ್ಸಿನಲ್ಲಿ ಉಳಿಯಿತು, ಕೂರದ್ದು ಹೊರಬಿತ್ತು. ನ್ಯಾಕ್ ಫೈಲು, ಎನ್‌ಬಿಎ ಫೈಲುಗಳ ನಡುವೆ ಉಸಿರಾಡಲು ಪುರುಸೊತ್ತಿಲ್ಲದ ಮೇಷ್ಟ್ರು ಇನ್ನೇನು ಮಾಡಿಯಾರು? ಅವರೂ 5 ಕೊಟ್ಟೇ ಪಾಸಾದವರು.

ಆದ್ದರಿಂದ ತಮ್ಮ ಸೇವಾ ವಿಸ್ತರಣೆಗೆ ನನ್ನ ಪೂರ್ಣ ಬೆಂಬಲವಿದೆ, ಒಂದು ಷರತ್ತಿನ ಮೇಲೆ. ಲ್ಯಾಬ್ ಪರೀಕ್ಷೆಯಲ್ಲಿ ಎತ್ತುವ ಚೀಟಿಗಳಲ್ಲಿ ಅರ್ಧದಷ್ಟು, ಕೆಟ್ಟುಹೋದ ಪ್ರೋಗ್ರಾಮಿನ ಚೀಟಿಗಳಾಗಿರಲಿ: ಇದು ಯಾಕೆ ಕೆಟ್ಟಿತು, ಹೇಳು. ಮೊದಲ ಚೀಟಿಯಲ್ಲಿ 8ರ ಫ್ಯಾಕ್ಟೋರಿಯಲ್ ಇರಲಿ. ಇಷ್ಟಕ್ಕೆ ಪರೀಕ್ಷಾ ವಿಭಾಗ ಒಪ್ಪಿದರೆ ತಾವು ಇನ್ನೂ ಹತ್ತು ವರ್ಷ ಆ ಕುರ್ಚಿಯಲ್ಲಿರಿ. ಮೈನಸ್ 25,216ರ ಪಾಠಕ್ಕೆ ತಮ್ಮಷ್ಟು ಒಳ್ಳೆಯ ಮೇಷ್ಟ್ರು ಸಿಗುವುದು ಕಷ್ಟ.

ಇಂತಿ ತಮ್ಮ ವಿಶ್ವಾಸಿ,
5 ಕೊಟ್ಟು ಪಾಸಾದ ಒಬ್ಬ ಹಳೆಯ ವಿದ್ಯಾರ್ಥಿ

ವಿ.ಸೂ.: ಒಂದು ವೇಳೆ ನಿವೃತ್ತಿ ಅನಿವಾರ್ಯವಾದರೆ, ತಮ್ಮ ಪಿಂಚಣಿಯ ಲೆಕ್ಕವನ್ನು ತಾವೇ ಮಾಡಿಕೊಳ್ಳಬೇಡಿ. ತಿಂಗಳಿಗೆ 32,767 ರೂಪಾಯಿಗಿಂತ ಒಂದು ರೂಪಾಯಿ ಹೆಚ್ಚು ಮಂಜೂರಾದರೂ, 32,768 ರೂಪಾಯಿಯನ್ನು ತಾವೇ ಖಜಾನೆಗೆ ಕಟ್ಟಬೇಕಾದೀತು.