ಕಲ್ಲು ಹೋಯಿತು, ನಳಿಕೆ ಉಳಿಯಿತು

ಕಿಡ್ನಿಯ ಕಲ್ಲನ್ನು ಲೇಸರಿನಿಂದ ಪುಡಿಮಾಡಿ ತೆಗೆದ ಮೇಲೆ ವೈದ್ಯರು ಬಹಳಷ್ಟು ಸಲ ಒಳಗೊಂದು ನಳಿಕೆ ಬಿಟ್ಟು ಮನೆಗೆ ಕಳಿಸುತ್ತಾರೆ. ಡಿಜೆ ಸ್ಟೆಂಟ್ ಎಂಬ ಈ ನಳಿಕೆ ಹೆಚ್ಚುಕಮ್ಮಿ 24–26 ಸೆಂಟಿಮೀಟರ್ ಉದ್ದ, 2 ಮಿಲಿಮೀಟರಿನಷ್ಟು ದಪ್ಪ. ಒಂದು ತುದಿಯ ಸುರುಳಿ ಮೂತ್ರಪಿಂಡದಲ್ಲಿ, ಇನ್ನೊಂದು ತುದಿಯದು ಮೂತ್ರಕೋಶದಲ್ಲಿ. 1967ರ ಹೊತ್ತಿಗೆ ಬಳಕೆಗೆ ಬಂದ ಸಿಲಿಕೋನಿನ ನೇರ ನಳಿಕೆಗಳಿಗೆ ಜಾರುವ ಚಾಳಿಯಿತ್ತು; 1978ರಲ್ಲಿ ಅಮೆರಿಕದ ವೈದ್ಯ ಫಿನ್ನಿ ಎರಡೂ ತುದಿ ಬಾಗಿದ ನಳಿಕೆಯ ವಿವರ ಪ್ರಕಟಿಸಿದರು. ಉಪಕರಣ ಹೊಕ್ಕು ಬಂದ ಮೂತ್ರನಾಳ ಊದಿಕೊಂಡು ಕಟ್ಟಿಕೊಳ್ಳದಿರಲಿ, ಮೂತ್ರ ಸಲೀಸಾಗಿ ಇಳಿಯಲಿ ಎಂಬುದಷ್ಟೇ ಇದರ ಉದ್ದೇಶ.

ಉದ್ದೇಶ ಒಳ್ಳೆಯದೇ. ಆದರೆ ಕಲ್ಲಿಗಿರುವ ಮರ್ಯಾದೆ ಸ್ಟೆಂಟಿಗಿಲ್ಲ. ಕಲ್ಲಿನ ಚೂರುಗಳನ್ನು ಡಬ್ಬಿಯಲ್ಲಿಟ್ಟು ಬಂದವರಿಗೆಲ್ಲ ತೋರಿಸಬಹುದು. ಸ್ಟೆಂಟಿನ ಕಾಟವನ್ನು ತೋರಿಸುವುದು ಹೇಗೆ? "ಕಲ್ಲು ತೆಗೆದಾಯ್ತಲ್ಲ, ಇನ್ನೇನು ನರಳಾಟ?" ಎಂದು ಷಡ್ಡಕ ಕೇಳುತ್ತಾನೆ. ಉತ್ತರ ಕೊಡುವಷ್ಟರಲ್ಲಿ ರೋಗಿ ಬಚ್ಚಲ ಕಡೆ ಓಡಿರುತ್ತಾನೆ.

ಕೆಳಗಿನ ಸುರುಳಿ ಉಜ್ಜುವುದು ಮೂತ್ರಕೋಶದ ತಳವನ್ನು, ಅಂದರೆ ಅದರ ಅತಿ ಸೂಕ್ಷ್ಮ ಜಾಗವನ್ನು. ಎರಡು ಚಮಚ ಮೂತ್ರವಿದ್ದರೂ ಕೋಶ ತುಂಬಿ ತುಳುಕುತ್ತಿದೆಯೆಂದೇ ದೂರು ಹೋಗುತ್ತದೆ. ಹೋಗಿ ಬಂದರೂ ಇನ್ನೂ ಉಳಿದಿದೆ ಎನಿಸುತ್ತದೆ. ಮೂತ್ರ ಹಿಂದಕ್ಕೆ ಏರದಂತೆ ತಡೆಯುವ ಸಹಜ ಕವಾಟ ನಳಿಕೆಯಿಂದಾಗಿ ತೆರೆದೇ ಇರುವುದರಿಂದ, ಮೂತ್ರ ಮಾಡುವಾಗಲೇ ಒತ್ತಡ ಮೇಲೇರಿ ಪಕ್ಕೆಯಲ್ಲಿ ಚಳಕು ಹೊಡೆಯುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟರ್ ಹತ್ತಿ ಬಂದರೆ ಮೂತ್ರ ಗುಲಾಬಿ ಬಣ್ಣ ತಾಳುವುದೂ ಉಂಟು. ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಬಹುಪಾಲು ಜನರಿಗೆ ಇದರಲ್ಲಿ ಒಂದಾದರೂ ತಪ್ಪುವುದಿಲ್ಲ. ಟ್ಯಾಮ್ಸುಲೋಸಿನ್‌ನಂಥ ಮಾತ್ರೆಯಿಂದ ಎಷ್ಟೋ ಜನಕ್ಕೆ ತಕ್ಕಮಟ್ಟಿಗೆ ಆರಾಮ ಸಿಗುತ್ತದೆ. ನೆಂಟರು ಹೇಳುವ ಬಾಳೆದಿಂಡಿನ ರಸ, ಹುರುಳಿ ಕಟ್ಟುಗಳಿಗೆ ಸ್ಟೆಂಟ್ ಜಗ್ಗುವುದಿಲ್ಲ. ಓಡಾಟ ತಪ್ಪಲಿ ಎಂದು ನೀರು ಬಿಡುವುದು ಮಾತ್ರ ಶುದ್ಧ ದಡ್ಡತನ. ಮೂತ್ರ ಗಟ್ಟಿಯಾಗಿ ಉರಿ ಇನ್ನಷ್ಟು ಹೆಚ್ಚುತ್ತದೆ. ಬಿಡುವುದಿದ್ದರೆ ಬಸ್ಸಿನಲ್ಲಿ ಕಿಟಕಿ ಸೀಟು ಬಿಡುವುದು ಜಾಣತನ, ಥಟ್ಟನೆ ಎದ್ದು ಹೋಗಬಹುದು.

ಇಷ್ಟೆಲ್ಲ ಪೀಡೆಯೇ ಹೊರತು ಅಪಾಯವಲ್ಲ. ಅಪಾಯ ಬರುವುದು ಸೋಂಕಿನಿಂದ. ಹೊರಗಿನ ವಸ್ತು ಒಳಹೊಕ್ಕ ಸ್ವಲ್ಪ ಹೊತ್ತಿನಲ್ಲೇ ಅದರ ಮೇಲೆ ಪ್ರೋಟೀನಿನ ತೆಳು ಪೊರೆ ಕೂರುತ್ತದೆ. ಬ್ಯಾಕ್ಟೀರಿಯಾಗಳು ಅದಕ್ಕೆ ಅಂಟಿ, ತಮ್ಮದೇ ಲೋಳೆಯ ಮರೆಯಲ್ಲಿ ಬೀಡುಬಿಡುತ್ತವೆ. ಆ್ಯಂಟಿಬಯೋಟಿಕ್ ಅಲ್ಲಿಗೆ ಸರಿಯಾಗಿ ತಲುಪದು. ನಳಿಕೆ ಹೆಚ್ಚು ದಿನ ಉಳಿದಷ್ಟೂ ಈ ಸಾಧ್ಯತೆ ಹೆಚ್ಚು. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ಇನ್ನೂ ಹೆಚ್ಚು. ಬರೀ ಉರಿಗೆ, ವರದಿಯಲ್ಲಿ ಕಂಡ ನಾಲ್ಕು ಕೀವುಕಣಗಳಿಗೆ ಹೆದರಿ ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್ ತಂದು ನುಂಗಬೇಕಿಲ್ಲ. ಅವೆರಡನ್ನೂ ಸ್ಟೆಂಟ್ ಒಂದೇ ತಂದೀತು. ಆದರೆ ಚಳಿ ನಡುಕದೊಂದಿಗೆ ಜ್ವರ ಬಂದರೆ, ಮೂತ್ರ ಕಟ್ಟಿಕೊಂಡರೆ, ರಕ್ತ ಗಟ್ಟಿಗಟ್ಟಿಯಾಗಿ ಹೋದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಸೋಂಕು ರಕ್ತಕ್ಕೆ ಹಬ್ಬಲು ಮುಹೂರ್ತ ನೋಡುವುದಿಲ್ಲ.

ವಿಚಿತ್ರವೆಂದರೆ, ಹೆಚ್ಚು ಕಾಡದ ಸ್ಟೆಂಟೇ ಹೆಚ್ಚು ಮೋಸಗಾರ. ನೋವಿದ್ದವನು ತೆಗೆಸುವ ದಿನವನ್ನು ಬೆರಳೆಣಿಸಿ ಕಾಯುತ್ತಾನೆ, ಹಾಯಾಗಿದ್ದವನು ಮರೆಯುತ್ತಾನೆ. ಕಲ್ಲಿನ ಚಿಕಿತ್ಸೆಯ ನಂತರ ಇದು ಸಾಮಾನ್ಯವಾಗಿ ಒಂದೆರಡು ವಾರ, ಕೆಲವೊಮ್ಮೆ ಇನ್ನೂ ಕೆಲವು ವಾರ ಇರಬೇಕಾದದ್ದು. ತಿಂಗಳುಗಟ್ಟಲೆ ಉಳಿದರೆ ಅದರ ಮೇಲೇ ಲವಣ ಕಟ್ಟಿ ಕಲ್ಲಾಗುತ್ತದೆ. ಆಗ ಸ್ಟೆಂಟ್ ಬಿಡಿಸಲಿಕ್ಕೇ ಮತ್ತೆ ಲೇಸರ್ ಬೇಕು. ಆದ್ದರಿಂದಲೇ ಅನೇಕ ಆಸ್ಪತ್ರೆಗಳಲ್ಲಿ ಸ್ಟೆಂಟಿಗೆಂದೇ ಒಂದು ರಿಜಿಸ್ಟರ್ ಇರುತ್ತದೆ. ಡಿಸ್ಚಾರ್ಜ್ ಚೀಟಿಯ ಮೇಲೆ ದಿನಾಂಕ ಬರೆದು ಸುತ್ತು ಹಾಕಿರುವುದೂ ಇದಕ್ಕೇ.

ತೆಗೆಯುವ ಕೆಲಸ ಹಾಕಿದಷ್ಟು ದೊಡ್ಡದಲ್ಲ. ಮರಗಟ್ಟಿಸುವ ಜೆಲ್ಲಿ ಹಾಕಿ, ತೆಳು ದುರ್ಬೀನಿನಿಂದ ಹಿಡಿದೆಳೆದರೆ ಕೆಲವೇ ನಿಮಿಷದ ಕೆಲಸ. ಮುಂದಿನ ಒಂದೆರಡು ದಿನ ಪಕ್ಕೆ ಸ್ವಲ್ಪ ನೋಯಬಹುದು, ಮೂತ್ರ ಉರಿಯಬಹುದು. ನೀರು, ನೋವಿನ ಮಾತ್ರೆ ಸಾಕು.