ಕುಂಬಳೇಶ

ಅವನಿಗೆ ಅಪ್ಪ-ಅಮ್ಮ ಇಟ್ಟ ಹೆಸರೊಂದಿದೆ. ಈಗ ಅದು ಪಾಸ್‌ಪೋರ್ಟಿನಲ್ಲಿ ಮಾತ್ರ ಚಾಲ್ತಿಯಲ್ಲಿದೆ. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿರುವ ನಮ್ಮ ಕನ್ನಡದ ಮಂದಿಗೆಲ್ಲ ಅವನು ಕುಂಬಳೇಶ.

ಇಂಥವರನ್ನು ನೀವೂ ಕಂಡಿರುತ್ತೀರಿ. ಹಗಲೆಲ್ಲ ಸಾಫ್ಟ್‌ವೇರು, ವರ್ಷಕ್ಕೊಂದು ಹುಚ್ಚು. ಒಂದು ವರ್ಷ ಹಾಫ್ ಮ್ಯಾರಥಾನ್ ಓಡಿದ. ಆ ಬೂಟು ಗ್ಯಾರೇಜಿನಲ್ಲಿದೆ. ಮರುವರ್ಷ ಮನೆಯಲ್ಲೇ ಬ್ರೆಡ್ಡು ಸುಟ್ಟ; ಅದರ ಗುರುತು ನನ್ನ ದವಡೆ ಹಲ್ಲಿನಲ್ಲಿದೆ. 2023ರ ಅಕ್ಟೋಬರಿನಲ್ಲಿ ಹಾಫ್ ಮೂನ್ ಬೇ ಊರಿನ ಕುಂಬಳಕಾಯಿ ತೂಕದ ಸ್ಪರ್ಧೆ ನೋಡಲು ಹೋದವನು ಬೇರೆಯೇ ಮನುಷ್ಯನಾಗಿ ವಾಪಸು ಬಂದ.

ಅವತ್ತು ಮಿನೆಸೋಟದ ತೋಟಗಾರಿಕೆ ಮೇಷ್ಟ್ರು ಟ್ರಾವಿಸ್ ಗಿಂಗರ್ ತಂದಿದ್ದ ಕಾಯಿ 2,749 ಪೌಂಡು ತೂಗಿ ವಿಶ್ವದಾಖಲೆ ಮಾಡಿತ್ತು. ನಮ್ಮ ಲೆಕ್ಕದಲ್ಲಿ 1,247 ಕಿಲೋ. ಬಹುಮಾನ 30,000 ಡಾಲರ್. "ಸಾರ್, ಕಾಯಿ ಎತ್ತೋಕೆ ಫೋರ್ಕ್‌ಲಿಫ್ಟ್ ಬಂತು ಸಾರ್!" ಎಂದು ನನ್ನ ಬಾಗಿಲಲ್ಲಿ ನಿಂತು ಹೇಳಿದ. ಕಣ್ಣಿನಲ್ಲಿ ವಿಶ್ವರೂಪ ಕಂಡು ಬಂದವನ ಕಳೆ ಇತ್ತು. ಅವನ ಹೆಂಡತಿ ಅವನ ಹಿಂದೆಯೇ ನಿಂತು ಹಣೆ ಒತ್ತಿಕೊಂಡಳು.

ಮುಂದಿನ ಏಪ್ರಿಲಿನಲ್ಲಿ ಬೀಜ ಬಂತು. ಲಕೋಟೆಯ ಮೇಲೆ ತಾಯಿಕಾಯಿಯ ತೂಕ, ಬೆಳೆದವನ ಮನೆತನದ ಹೆಸರು, ಇಸವಿ, ಆಮೇಲೆ ತಾಯಿ ಯಾರು, ತಂದೆ ಯಾರು. ಈ ಬೆಳೆಗಾರರು ಬೀಜಕ್ಕೆ ಹೆಸರಿಡುವುದೇ ಹಾಗೆ. ವಂಶದ ಮೂಲಪುರುಷ ಕೆನಡಾದ ನೋವಾ ಸ್ಕೋಷಿಯಾದ ರೈತ ಹೊವರ್ಡ್ ಡಿಲ್. ಇವತ್ತಿನ ದೈತ್ಯ ಕುಂಬಳಗಳೆಲ್ಲ ಅವರು ತಳಿ ಕಟ್ಟಿದ 'ಅಟ್ಲಾಂಟಿಕ್ ಜೈಂಟ್' ಸಂತಾನ. ತನ್ನ ಪ್ರವರವನ್ನು ಉಪನಯನದ ಮಾರನೇ ದಿನವೇ ಮರೆತಿದ್ದ ಕುಂಬಳೇಶ ಬೀಜದ ಪ್ರವರವನ್ನು ಉಸಿರು ಬಿಡದೆ ಒಪ್ಪಿಸುತ್ತಿದ್ದ.

ಬೀಜದ ಅಂಚನ್ನು ಉಗುರು ಉಜ್ಜುವ ಅರದಿಂದ ಉಜ್ಜಿ, ನೀರಿನಲ್ಲಿ ನೆನೆಸಿ, ಬಿಸಿ ಪ್ಯಾಡಿನ ಮೇಲೆ ಮಲಗಿಸಿದ. ಆ ಪ್ಯಾಡು ಚನ್ನರಾಯಪಟ್ಟಣದಿಂದ ಬಂದಿದ್ದ ಅವನ ಅಮ್ಮನ ಮೊಣಕಾಲಿನದು.

"ನಮ್ಮೂರಲ್ಲಿ ತಿಪ್ಪೆ ಮೇಲೆ ಬೀಜ ಎಸೆದ್ರೆ ಸೂರಿನ ಮೇಲಕ್ಕೆ ಹಬ್ತದೆ ಕಣೋ," ಎಂದರು ಅಮ್ಮ.

"ಅದು ತಿನ್ನೋ ಕುಂಬಳ ಅಮ್ಮ. ಇದು ತೂಗೋ ಕುಂಬಳ."

ಹಿತ್ತಿಲಲ್ಲಿ ಕೊತ್ತಂಬರಿ, ಮೆಂತ್ಯದ ಮಡಿಗಳು ಮಾಯವಾದವು. ತುಳಸಿ ಕುಂಡ ಮೂಲೆಗೆ ಸರಿಯಿತು. ಒಂದೇ ಒಂದು ಬಳ್ಳಿಗೆ ಇಡೀ ಹಿತ್ತಿಲು. ಮಣ್ಣಿನ ಪರೀಕ್ಷೆಯಾಯಿತು, ಮೀನಿನ ಗೊಬ್ಬರ ಬಂತು, ಕಡಲಪಾಚಿಯ ರಸ ಬಂತು. ಬಳ್ಳಿಯ ಗೆಣ್ಣು ಗೆಣ್ಣಿಗೂ ಮಣ್ಣು ಮುಚ್ಚಿದ. ಅಲ್ಲೆಲ್ಲ ಬೇರು ಬಿಟ್ಟು ಬಳ್ಳಿ ಇನ್ನಷ್ಟು ಉಣ್ಣಲಿ ಎಂದು. ಮೀನಿನ ವಾಸನೆಗೆ ಪಕ್ಕದ ಮನೆಯ ಬೆಕ್ಕು ಇವರ ಬೇಲಿಯ ಮೇಲೇ ಸಂಸಾರ ಹೂಡಿತು.

ಜುಲೈ ಮೊದಲ ವಾರ ಹೆಣ್ಣು ಹೂ ಅರಳುವ ಸೂಚನೆ ಕೊಟ್ಟಿತು. ಜೇನುಹುಳ ಯಾವುದೋ ಗೊತ್ತುಗುರಿಯಿಲ್ಲದ ಹೂವಿನ ಪರಾಗ ತಂದು ವಂಶ ಕೆಡಿಸೀತೆಂದು ಹಿಂದಿನ ಸಂಜೆಯೇ ಮೊಗ್ಗಿನ ತುದಿಗೆ ದಾರ ಕಟ್ಟಿದ. ಬೆಳಗಿನ ಆರು ಗಂಟೆಗೆ ಮುಹೂರ್ತ. ಗಂಡು ಹೂವಿನ ಎಸಳು ಕಿತ್ತು, ಹೆಣ್ಣು ಹೂವಿಗೆ ಪರಾಗ ಸವರಿ, ಮತ್ತೆ ದಾರ ಕಟ್ಟಿದ.

"ನಮ್ಮ ಮದುವೆ ದಿನ ಇವರನ್ನ ಎಬ್ಬಿಸೋಕೆ ಮೂರು ಜನ ಬೇಕಾಗಿತ್ತು," ಎಂದಳು ಹೆಂಡತಿ.

ಕಾಯಿ ನಿಂತಿತು. ಉಳಿದ ಹೀಚುಗಳನ್ನೆಲ್ಲ ಚಿವುಟಿ ಹಾಕಿದ. ಬಳ್ಳಿಯ ಸತ್ವವೆಲ್ಲ ಒಂದೇ ಕಾಯಿಗೆ ಹೋಗಬೇಕು, ಅದು ನಿಯಮ. ಅವನಿಗೆ ಒಬ್ಬನೇ ಮಗ. ಗಣಿತದ ಕ್ಲಾಸು, ಚೆಸ್ ಕ್ಲಾಸು, ಪಿಯಾನೊ, ಈಜು, ಭಾನುವಾರ 'ಕನ್ನಡ ಕಲಿ' ಕ್ಲಾಸು. ಈ ಕೃಷಿ ಪದ್ಧತಿ ಆ ಮನೆಗೆ ಹೊಸದೇನೂ ಆಗಿರಲಿಲ್ಲ.

ದಿನಾ ಸಂಜೆ ಹೆಂಡತಿಯ ಹೊಲಿಗೆ ಟೇಪು ಹಿಡಿದು ಹೊರಡುತ್ತಿದ್ದ. ಸುತ್ತಳತೆ ಒಂದು, ಅಡ್ಡಡ್ಡ ನೆಲದಿಂದ ನೆಲಕ್ಕೆ ಒಂದು, ಉದ್ದುದ್ದ ಒಂದು. ಮೂರನ್ನೂ ಕೂಡಿ ಕೋಷ್ಟಕ ನೋಡಿದರೆ ತಕ್ಕಡಿಗೆ ಇಡದೆಯೇ ತೂಕದ ಅಂದಾಜು ಸಿಗುತ್ತದೆ. ಬಲಿಷ್ಠ ಕಾಯಿಗಳು ಭರದಿಂದ ಬೆಳೆಯುವ ದಿನಗಳಲ್ಲಿ ದಿನಕ್ಕೆ 20 ಕಿಲೋ ದಪ್ಪವಾಗುವುದುಂಟು. ಇವನದು ದಿನಕ್ಕೆ ಮೂರೋ ನಾಲ್ಕೋ ಕಿಲೋ. ಆದರೂ ನಮ್ಮ ವಾಟ್ಸಾಪಿಗೆ ರಾತ್ರಿ ಎಂಟಕ್ಕೆ ಅಂಕಪಟ್ಟಿ ತಪ್ಪದೆ ಬರುತ್ತಿತ್ತು.

"ಹಂಗೆಲ್ಲಾ ದಿನಾ ಅಳೀಬಾರ್ದು ಮಗಾ, ದೃಷ್ಟಿ ಆಗ್ತದೆ," ಎಂದರು ಅಮ್ಮ. ಮನೆಗೆ ದೃಷ್ಟಿಯಾಗದಿರಲೆಂದು ಕುಂಬಳಕಾಯಿ ಕಟ್ಟುವ ಜನ ನಾವು. ಕುಂಬಳಕಾಯಿಗೇ ದೃಷ್ಟಿಯಾದರೆ ಏನು ಕಟ್ಟುವುದು? ಅಮ್ಮ ಬಹಳ ಯೋಚಿಸಿ ಕಾಯಿಯ ಕೆನ್ನೆಗೆ ಕಾಡಿಗೆ ಬೊಟ್ಟಿಟ್ಟರು. ಬಿಸಿಲಿಗೆ ಸಿಪ್ಪೆ ಗಟ್ಟಿಯಾಗಬಾರದೆಂದು ಕುಂಬಳೇಶ ಅಪ್ಪನ ಹಳೇ ಜರಿಪಂಚೆಯನ್ನು ಮೇಲೆ ಹೊದಿಸಿದ. ಕೆಳಗೆ ಮರಳಿನ ಹಾಸಿಗೆ, ಮೇಲೆ ಪಂಚೆ, ಕೆನ್ನೆಯಲ್ಲಿ ಬೊಟ್ಟು: ನಾನು ಎಷ್ಟೋ ಮದುವೆಗಳಲ್ಲಿ ಇಷ್ಟು ಲಕ್ಷಣವಾದ ಬೀಗರನ್ನು ಕಂಡಿಲ್ಲ.

ಆಗಸ್ಟಿನಲ್ಲಿ ಮೂರು ದಿನ ವಿಪರೀತ ಸೆಕೆ ಬಿತ್ತು. ಎಲೆ ಬಾಡಿದ್ದು ನೋಡಿ ಕುಂಬಳೇಶ ಗಾಬರಿಯಾದ. ನೀರು ಎರಡರಷ್ಟು ಮಾಡಿದ, ಗೊಬ್ಬರವನ್ನೂ ಎರಡರಷ್ಟು ಮಾಡಿದ. ಬಾಡಿದ ಬಳ್ಳಿ ಒಮ್ಮೆಲೇ ನೀರು ಕುಡಿದರೆ ಒಳಗಿನ ತಿರುಳು ಹಿಗ್ಗುವ ವೇಗಕ್ಕೆ ಸಿಪ್ಪೆ ಹಿಗ್ಗುವುದಿಲ್ಲ. ರಾತ್ರಿ ಹಿತ್ತಿಲಲ್ಲಿ 'ಟಪ್' ಎಂದಿತು. ಬೆಳಗ್ಗೆ ನೋಡಿದರೆ ತೊಟ್ಟಿನ ಪಕ್ಕ ಅಂಗೈ ತೂರುವಷ್ಟು ಬಿರುಕು, ಒಳಗಿನ ಪೊಟರೆಯವರೆಗೂ. ಹಾಗೆ ಬಿರಿದ ಕಾಯಿಯನ್ನು ಸ್ಪರ್ಧೆಗೆ ಸೇರಿಸುವುದಿಲ್ಲ.

ಅವನು ಕಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಟೇಪು ಕೊರಳಲ್ಲಿತ್ತು. "ಬೆಳೀಲಿ ಅಂತಾನೇ ಕೊಟ್ಟೆ ಸಾರ್," ಎಂದ. ಆ ವಾರ ಮಗನ ಚೆಸ್ ಕ್ಲಾಸೂ ಪಿಯಾನೊ ಕ್ಲಾಸೂ ನಿಂತವು. ಯಾಕೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಗರಗಸದಲ್ಲಿ ಕೊಯ್ದು, ತುಂಡು ತುಂಡಾಗಿ ಬಾತ್‌ರೂಮಿನ ತಕ್ಕಡಿಯ ಮೇಲಿಟ್ಟು ಕೂಡಿದಾಗ 131 ಕಿಲೋ ಬಂತು. ಮೊದಲ ಸಲ ಬೆಳೆದವನಿಗೆ ಇದು ನಾಚಿಕೆಪಡುವ ಅಂಕವೇನಲ್ಲ. ಆದರೆ ಇದು ತೂಕಕ್ಕೆಂದೇ ಹುಟ್ಟಿದ ಜಾತಿ, ನಾಲಿಗೆಯ ಯೋಚನೆ ಇದಕ್ಕಿಲ್ಲ. ಅಮ್ಮನ ತೀರ್ಪು ಎರಡು ಸಾಲಿನದು: "ಹುಳಿ ಮಾಡ್ದೆ, ನೀರು. ಪಲ್ಯ ಮಾಡ್ದೆ, ನಾರು."

ಹಂಚಲು ಹೊರಟರೆ ಕನ್ನಡದವರೆಲ್ಲ ಇದ್ದಕ್ಕಿದ್ದಂತೆ ಊರಿನಲ್ಲಿಲ್ಲ. ರಾತ್ರಿ ಹಿತ್ತಿಲ ಬಾಗಿಲು ತೆರೆದಿಟ್ಟು ನೋಡಿದರು. ಹೆಗಲು ಮುಟ್ಟಿ ನೋಡಿಕೊಳ್ಳುವ ಕಳ್ಳನೂ ಬರಲಿಲ್ಲ.

ಹುಚ್ಚು ಇಳಿಯಿತು ಎಂದುಕೊಂಡಿದ್ದೆವು. ಆದರೆ ಈಗ ಬೀಜವನ್ನೆಲ್ಲ ತೊಳೆದು, ಒಣಗಿಸಿ, ಲಕೋಟೆಗಳಿಗೆ ತುಂಬಿ, ಮೇಲೆ ತೂಕ, ತನ್ನ ಮನೆತನದ ಹೆಸರು, ಇಸವಿ, ತಾಯಿ, ತಂದೆ ಎಲ್ಲ ಬರೆದು ಪರಿಚಯದವರಿಗೆಲ್ಲ ಹಂಚುತ್ತಿದ್ದಾನೆ. 2025ರಲ್ಲಿ ಇಂಗ್ಲೆಂಡಿನ ಪೇಟನ್ ಅವಳಿ ಸೋದರರು 1,278 ಕಿಲೋ ಬೆಳೆದು ದಾಖಲೆ ಮುರಿದರಂತೆ, ಅದನ್ನೂ ಹೇಳಿ ಹೋದ.

ಅಂಥ ಲಕೋಟೆಯೊಂದು ನಿಮ್ಮ ಮನೆಗೂ ಬರಬಹುದು. ಬೇಡವೆನ್ನಬೇಡಿ, ಪಾಪ ನೊಂದುಕೊಳ್ಳುತ್ತಾನೆ. ತೆಗೆದುಕೊಂಡು, ಸಣ್ಣ ಉರಿಯಲ್ಲಿ ಹುರಿದು, ಉಪ್ಪು ಖಾರ ಹಾಕಿ ತಿನ್ನಿ. ಆ ಕಾಯಿಯಲ್ಲಿ ರುಚಿ ಇದ್ದದ್ದು ಬೀಜಕ್ಕೆ ಮಾತ್ರ.