ಬುಶ್ ಬಿಟ್ಟು ಮಿಕ್ಕಿದ್ದೆಲ್ಲ ಬದಲಾಯ್ತು

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿ. ತೆಂಗಿನ ತೋಟವೊಂದರ ಮುಂದೆ 1994ರ ಬಿಳಿ ಅಂಬಾಸಿಡರ್ ಎಡಕ್ಕೆ ವಾಲಿಕೊಂಡು ನಿಂತಿದೆ. ಇಂಥ ಕಾರುಗಳ ಮಾಲೀಕರನ್ನು ಮಾತಾಡಿಸಲು ಎಲ್ಲರೂ ಬರುತ್ತಾರೆ, ಕಾರಿನಡಿ ಮಲಗಿ ಮಾತಾಡಿಸುವವರು ಕಡಿಮೆ. ನಾವು ಗೋಣಿತಾಟು ಹಾಸಿಕೊಂಡು ಒಳಗೆ ಸರಿದು, ಮುಂದಿನ ಎಡಚಕ್ರದ ಲೋಯರ್ ಆರ್ಮ್‌ನಲ್ಲಿ ವಾಸವಿರುವ ರಬ್ಬರ್ ಬುಶ್ ಅವರನ್ನು ಕಂಡೆವು. ಮೈತುಂಬ ಬಿರುಕು, ಮೇಲೆ ಗ್ರೀಸಿನ ಲೇಪ. ನಾಲಿಗೆಗೆ ಮಾತ್ರ ಸವಕಳಿ ಬಂದಂತಿರಲಿಲ್ಲ.

ನಮಸ್ಕಾರ. ತಮ್ಮ ಕೆಲಸ ಏನು ಅಂತ ಓದುಗರಿಗೆ ಹೇಳ್ತೀರಾ?

ಎರಡು ಕಬ್ಬಿಣದ ಮಧ್ಯೆ ಕೂತ್ಕಂಡು ಬೈಸ್ಕಳೋದು ಸ್ವಾಮಿ. ಆ ಕಡೆ ಬಾಡಿ, ಈ ಕಡೆ ಚಕ್ರ ಹೊತ್ತಿರೋ ಆರ್ಮು. ಅಣ್ಣತಮ್ಮಂದಿರು ಜಮೀನು ಪಾಲು ಮಾಡ್ಕಳೋವಾಗ ನಡುವೆ ಕೂರಿಸ್ತಾರಲ್ಲ ಸೋದರಮಾವನ್ನ, ಹಂಗೆ. ಅವನು ಇರೋ ತನಕ ಯಾರಿಗೂ ಲೆಕ್ಕಕ್ಕಿಲ್ಲ, ಎದ್ದು ಹೋದ ಮೇಲೆ ಬಡಿದಾಟ. ಈಗ ಹಂಪ್ ಹತ್ತಿಸಿದಾಗ ಕಟ್ ಕಟ್ ಅಂತ ಕೇಳ್ತದಲ್ಲ, ಅದು ಅಣ್ಣತಮ್ಮಂದಿರದ್ದು.

ಆ ಸದ್ದು ಶುರುವಾದಾಗ ಯಜಮಾನರು ಏನು ಮಾಡಿದರು?

ಟೇಪ್ ರೆಕಾರ್ಡರ್ ವಾಲ್ಯೂಮ್ ಜಾಸ್ತಿ ಮಾಡಿದ್ರು. ಅದೇ ಮೊದಲನೇ ರಿಪೇರಿ. ಆಮೇಲೆ ಶಾಕ್ ಅಬ್ಸಾರ್ಬರ್ ಹೋಗೈತೆ ಅಂತ ಎರಡೂ ಹೊಸದು ಹಾಕ್ಸಿದ್ರು. ಟೈರು ಒಳಗಡೆ ಅಂಚಲ್ಲಿ ತಿಂತಾ ಐತೆ ಅಂತ ಟೈರು ಬದಲಾಯ್ತು. ಬ್ರೇಕ್ ಹಾಕಿದ್ರೆ ಎಡಕ್ಕೆ ಎಳೀತದೆ ಅಂತ ಬ್ರೇಕ್ ಲೈನಿಂಗು ಬದಲಾಯ್ತು. ಹಾಸನಕ್ಕೆ ಹೋಗಿ ಅಲೈನ್‌ಮೆಂಟ್ ಮಾಡ್ಸಿದ್ರು, ವಾಪಸ್ ಬರೋ ಹೊತ್ತಿಗೆ ಅದೂ ಕೆಟ್ಟಿತ್ತು. ಯಾಕೆ ಕೆಡಲ್ಲ? ಅಲೈನ್‌ಮೆಂಟ್ ಮಿಷಿನ್ನು ನಿಂತಿರೋ ಕಾರನ್ನ ಅಳೀತದೆ. ಓಡೋವಾಗ, ಬ್ರೇಕ್ ಒತ್ತಿದಾಗ, ಆರ್ಮು ನನ್ನ ಸವೆದ ಜಾಗದಲ್ಲಿ ಹಿಂದೆ ಮುಂದೆ ಓಡಾಡ್ತದೆ. ಅದನ್ನ ಯಾವ ಮಿಷಿನ್ನಿಗೆ ತೋರಿಸ್ತೀರಿ?

ನಿಮ್ಮನ್ನು ಯಾರೂ ಪರೀಕ್ಷೆ ಮಾಡಲೇ ಇಲ್ಲವೆ?

ಒಬ್ಬ ಮೇಸ್ತ್ರಿ ಟಾರ್ಚ್ ಬಿಟ್ಟು ನೋಡಿ, ‘ಬುಶ್ ಇದೆ’ ಅಂದ. ಇದೀನಿ, ಇಲ್ಲ ಅಂದವರಾರು? ಜಾಕಿ ಕೊಟ್ಟು, ಆರ್ಮು ಬಾಡಿ ಮಧ್ಯೆ ಒಂದು ಸಬ್ಬಲ್ ತುದಿ ಇಟ್ಟು ಮೀಟಿ ನೋಡ್ಬೇಕು. ಚೆನ್ನಾಗಿರೋ ರಬ್ಬರ್ ಸ್ವಲ್ಪ ಬಗ್ಗಿ ವಾಪಸ್ ಬರ್ತದೆ. ನನ್ನಂಥದ್ದು ಟಕ್ ಅಂತ ಜಾರ್ತದೆ, ಕಬ್ಬಿಣಕ್ಕೆ ಕಬ್ಬಿಣ ತಗುಲ್ತದೆ. ಇಷ್ಟೇ ವಿದ್ಯೆ. ಆದ್ರೆ ಇದಕ್ಕೆ ಬಿಲ್ ಬರೆಯೋಕಾಗಲ್ಲ ನೋಡಿ.

ಕಾರು ಎಡಕ್ಕೆ ಕುಸಿದಿದೆ. ಅದೂ ನಿಮ್ಮದೇ ತಪ್ಪು ಅನ್ನುತ್ತಾರಲ್ಲ?

ಅಲ್ಲಿಗೆ ಬಂದ್ರಾ! ಕೇಳಿ. ನಮ್ಮದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮನೆತನ, ಸೀರೀಸ್ 3. ಹಿಂದಕ್ಕೆ ಕಮಾನು ಪಟ್ಟಿ ಐತೆ, ಮುಂದಕ್ಕೆ ಕಾಯಿಲ್ ಸ್ಪ್ರಿಂಗ್ ಇಲ್ಲ. ಎರಡು ಕಡೆ ಉದ್ದಕ್ಕೆ ಮಲಗಿರೋ ಟಾರ್ಷನ್ ಬಾರು, ಒಂದೊಂದು ಉಕ್ಕಿನ ಸರಳು. ಹಿಂದಿನ ತುದಿ ಬಾಡಿಗೆ ಬಿಗಿದಿರ್ತದೆ, ಮುಂದಿನ ತುದಿ ಆರ್ಮಿಗೆ. ಅದು ತಿರುಚ್ಕಂಡೇ ಕಾರಿನ ಭಾರ ಹೊರ್ತದೆ. ಮೂವತ್ತು ವರ್ಷ ತಿರುಚ್ಕಂಡಿದ್ರೆ ಅದಕ್ಕೂ ಸೋಲು ಬರ್ತದೆ ತಾನೆ? ನಾನು ಸವೆದ್ರೆ ಒಂಚೂರು ಇಳೀಬೋದು, ಚಕ್ರ ಓರೆ ಆಗ್ಬೋದು. ಎರಡು ಬೆರಳು ಇಳಿದ್ರೆ ಬಾರಿನ ಕಡೆ ನೋಡಿ, ಇಲ್ಲಾ ಹಿಂದೆ ಮುರಿದಿರೋ ಪಟ್ಟಿ ಕಡೆ ನೋಡಿ. ಮೊದಲು ಸರಿಯಾಗಿ ಅಳೀರಿ ಸ್ವಾಮಿ, ಆಮೇಲೆ ಆರೋಪ ಮಾಡಿ.

ಯಜಮಾನರು ಅಳೆದಿದ್ದರಂತೆ.

ಅಳೆದ್ರು, ಅಳೆದ್ರು. ಇಳಿಜಾರು ಅಂಗಳದಲ್ಲಿ, ಎಡ ಟೈರಲ್ಲಿ ಗಾಳಿ ಕಮ್ಮಿ ಇಟ್ಕಂಡು, ತಿಪಟೂರು ಮಾರ್ಕೆಟ್ಟಿಗೆ ಹೊರಟಿದ್ದ ಕೊಬ್ಬರಿ ಚೀಲ ಡಿಕ್ಕೀಲಿ ತುಂಬ್ಕಂಡು! ಅದೂ ಜಾಕಿಯಿಂದ ಇಳಿಸಿದ ತಕ್ಷಣ. ಸಮ ನೆಲ ಬೇಕು, ಎರಡೂ ಕಡೆ ಗಾಳಿ ಸಮ ಇರ್ಬೇಕು, ಡಿಕ್ಕಿ ಖಾಲಿ ಇರ್ಬೇಕು. ಕಾರನ್ನ ನಾಲ್ಕು ಮಾರು ಹಿಂದೆ ಮುಂದೆ ತಳ್ಳಿ, ಬಾನೆಟ್ ಅದುಮಿ ಬಿಟ್ಟು, ಚಕ್ರದ ನಡುವಿಂದ ಮಡ್‌ಗಾರ್ಡ್ ಅಂಚಿಗೆ ಟೇಪ್ ಹಿಡೀಬೇಕು. ನೆಲದಿಂದ ಅಳೆದ್ರೆ ಟೈರಿನ ಸವಕಳೀನೂ ಲೆಕ್ಕಕ್ಕೆ ಸೇರ್ಕಳ್ತದೆ. ನಮ್ಮ ಯಜಮಾನ್ರು ಅಳೆದಿದ್ದು ನೆಲದಿಂದ, ಅದೂ ಗೇಣಲ್ಲಿ.

ಅಷ್ಟಕ್ಕೂ ಎತ್ತರದ ಬಗ್ಗೆ ಅವರಿಗೆ ಯಾಕಿಷ್ಟು ಚಿಂತೆ?

ಕಾರಿಂದಲ್ಲ ಸ್ವಾಮಿ, ಅವರದ್ದೇ ಎತ್ತರ. ಪಕ್ಕದ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡ್ರು 1996ರಲ್ಲಿ ಪ್ರಧಾನಿ ಆದ್ರಲ್ಲ, ಆವತ್ತು ದೆಲ್ಲೀಲಿ ದೊಡ್ಡೋರೆಲ್ಲ ಓಡಾಡ್ತಿದ್ದದ್ದು ನಮ್ಮ ಕುಲದ ಕಾರಲ್ಲೇ. ಆವತ್ತಿಂದ ನಮ್ಮ ಯಜಮಾನ್ರು ಹಿಂದಿನ ಸೀಟಿಗೆ ಬಿಳಿ ಟವಲ್ ಹಾಸಿದ್ರು, ಮುಂದೆ ಕೂತಿದ್ದೇ ಇಲ್ಲ. ಊರಿನ ಹುಡುಗರು ದೊಡ್ಡ ದೊಡ್ಡ ಎಸ್‌ಯುವಿ ತಂದು ಪಕ್ಕ ನಿಲ್ಲಿಸೋಕೆ ಶುರು ಮಾಡಿದ ಮೇಲೆ, ‘ನಮ್ದು ತಗ್ಗಿದಂಗೆ ಕಾಣ್ತದೆ, ಎತ್ರಿಸು’ ಅಂದ್ರು. ಮೇಸ್ತ್ರಿ ಟಾರ್ಷನ್ ಬಾರು ಬಿಚ್ಚಿ ಒಂದು ಹಲ್ಲು ಮುಂದಕ್ಕೆ ಕೂರಿಸ್ದ. ಅದು ತಪ್ಪಲ್ಲ, ಹಂಗೆ ಹೊಂದಿಸೋ ಏರ್ಪಾಡು ಕಾರಲ್ಲೇ ಐತೆ. ಆದ್ರೆ ಹರಿದ ಬುಶ್ ಹಂಗೇ ಬಿಟ್ಟು ಎತ್ತಿದ್ರೆ? ಬಾನೆಟ್ ಒಂದು ವಾರ ಎದೆ ಉಬ್ಬಿಸ್ಕಂಡು ನಿಂತಿತ್ತು. ಸದ್ದು ಎರಡು ಪಟ್ಟಾಯ್ತು.

ಎಡ ಬಲ ಬಾರುಗಳನ್ನು ಅದಲು ಬದಲು ಮಾಡಿದರೆ ಹೇಗೆ?

ಆ ಐಡಿಯಾ ಯಜಮಾನ್ರಿಗೆ ಹೇಳ್ಬೇಡಿ, ದಮ್ಮಯ್ಯ. ಒಂದು ಕಡೆಗೆ ತಿರುಚಿ ಪಳಗಿದ ಉಕ್ಕು ಅದು. ಪಕ್ಷ ಬದಲಿಸಿದ ಮರುದಿನವೇ ಬೇರೆ ಕಡೆಗೆ ಬಗ್ಗೋಕೆ ಅದೇನು ಮನುಷ್ಯನಾ? ಮುರೀತದೆ.

ನಿಮ್ಮ ಈ ಸ್ಥಿತಿಗೆ ರಸ್ತೆ ಎಷ್ಟು ಹೊಣೆ?

ರಸ್ತೆ ಅನ್ನಬೇಡಿ, ಹಂಪ್ ಅನ್ನಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನೋರು ಬರೆದಿಟ್ಟವ್ರೆ: ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, ನಿಧಾನಕ್ಕೆ ಹತ್ತಿ ಇಳಿಯೋ ಹಂಗೆ. ನಮ್ಮ ಕಡೆ ಒಂದು ಕುರಿ ಸತ್ರೆ ಸಾಕು, ರಾತ್ರೋರಾತ್ರಿ ಎರಡು ಮಂಕರಿ ಜಲ್ಲಿ ಸಿಮೆಂಟು ಸುರಿದು ಗೋಡೆ ಎಬ್ಬಿಸ್ತಾರೆ. ಎತ್ತರ ಕೇಳಿದ್ರೆ ಕುರಿ ಯಜಮಾನನ ಸಿಟ್ಟು ಎಷ್ಟಿತ್ತೋ ಅಷ್ಟು. ಆದ್ರೂ ನಾನು ರಸ್ತೇನ ದೂರಲ್ಲ. ಗುಂಡಿ ನುಂಗೋಕೆ ಅಂತಲೇ ನನ್ನ ಹುಟ್ಟಿಸಿದ್ದು. ನನ್ನ ಕೊಂದಿದ್ದು ಡೀಸೆಲ್ಲು.

ಡೀಸೆಲ್?

ಸರ್ವೀಸ್ ಅಂತ ನಿಲ್ಲಿಸಿ ಕೆಳಗಿಂದ ಡೀಸೆಲ್ ಸ್ಪ್ರೇ ಹೊಡೀತಾರಲ್ಲ, ತುಕ್ಕು ಹಿಡೀಬಾರ್ದು ಅಂತ. ಕಬ್ಬಿಣಕ್ಕೆ ಅದು ಅಭ್ಯಂಜನ, ರಬ್ಬರಿಗೆ ವಿಷ. ಊದ್ಕಂಡು, ಮೆತ್ತಗಾಗಿ, ಪುಡಿ ಪುಡಿ ಉದುರ್ತೀವಿ. ಆಮೇಲೆ ಸದ್ದು ಬಂತು ಅಂತ ನನ್ನ ಮೈಮೇಲೇ ಗ್ರೀಸು ಮೆತ್ತಿದ್ರು. ಎರಡು ದಿನ ಸದ್ದಿರಲಿಲ್ಲ. ಮೇಸ್ತ್ರಿಗೆ ಕಾಫಿ, ಇನಾಮು ಎಲ್ಲ ಆಯ್ತು.

ಅಂಬಾಸಿಡರ್ ತಯಾರಾಗುತ್ತಿದ್ದ ಉತ್ತರಪಾರಾದ ಕಾರ್ಖಾನೆ 2014ರಲ್ಲೇ ಬಾಗಿಲು ಹಾಕಿದೆ. ನಿಮ್ಮ ಜಾಗಕ್ಕೆ ಬರುವವರು ಸಿಗುತ್ತಾರೆಯೆ?

ಬೆಂಗಳೂರು ಜೆ.ಸಿ. ರಸ್ತೇಲಿ ಹುಡುಕಿದ್ರೆ ಸಿಗ್ತಾರೆ, ಆದ್ರೆ ಉಗುರಲ್ಲಿ ಒತ್ತಿ ನೋಡಿ ತಗೋಬೇಕು. ಹಳೇ ಟೈರಿನ ರಬ್ಬರಿಂದ ಮಾಡಿದ ಮಾಲು ಹೊರಗೆ ಮಿರಮಿರ ಅಂತದೆ, ಒಳಗೆ ಕಲ್ಲು. ಪಾಲಿಯುರೆಥೇನ್ ಅಂತ ಹೊಸ ಪೈಕಿಯೋರೂ ಅವ್ರೆ, ಬಣ್ಣ ಬಣ್ಣದ ಬಟ್ಟೆ ಹಾಕ್ಕಂಡಿರ್ತಾರೆ. ಗಟ್ಟಿಗರು, ಎಣ್ಣೆಗೆ ಜಗ್ಗಲ್ಲ. ಆದ್ರೆ ಯಾವ ಗುಂಡೀನೂ ಹೊಟ್ಟೇಲಿ ಇಟ್ಕಳಲ್ಲ, ಎಲ್ಲಾನೂ ನೇರ ಯಜಮಾನ್ರ ಬೆನ್ನಿಗೆ ವರದಿ ಮಾಡ್ತಾರೆ. ಬಿಳಿ ಟವಲ್ ಮೇಲೆ ಕೂರೋರಿಗೆ ಅವರ ಸಹವಾಸ ಬೇಡ.

ಕೊನೆಯದಾಗಿ, ಮೇಸ್ತ್ರಿಗೆ ಏನಾದರೂ ಹೇಳಬೇಕೆ?

ಹೇಳ್ಬೇಕು, ಬರ್ಕಳಿ. ಎಡಗಡೇದು ಒಂದೇ ತರ್ಬೇಡ, ಎರಡೂ ಕಡೇದು ತಾ. ಮುಖ್ಯವಾದ್ದು ಇನ್ನೊಂದೈತೆ. ಕಾರು ಜಾಕಿ ಮೇಲಿದ್ದಾಗ, ಚಕ್ರ ನೇತಾಡೋವಾಗಲೇ ನಟ್ಟು ಪೂರ್ತಿ ಟೈಟು ಮಾಡ್ತಾನೆ ಅವನು. ರಬ್ಬರಿಗೆ ಅದೇ ತನ್ನ ಭಂಗಿ ಅಂತಾಗೋಗ್ತದೆ. ಕೆಳಗಿಳಿಸಿದ ಕೂಡಲೇ ಕುತ್ತಿಗೆ ತಿರುಚಿದಂಗೆ, ನಿಂತಿದ್ರೂ ನೋವು, ಓಡಿದ್ರೂ ನೋವು. ಕಾರೂ ಸುಳ್ಳು ಸುಳ್ಳೇ ಎತ್ತರ ನಿಂತ್ಕಳ್ತದೆ, ವರ್ಷದೊಳಗೆ ಬುಶ್ ಹರೀತದೆ. ನಟ್ಟು ಸಡಿಲ ಬಿಟ್ಟು, ಕಾರು ಚಕ್ರದ ಮೇಲೆ ನಿಲ್ಲಿಸಿ, ನಾಲ್ಕು ಸಲ ಅದುಮಿ, ಆಮೇಲೆ ಕೆಳಗೆ ತೂರಿ ಟೈಟು ಮಾಡು ಅನ್ನಿ. ಹೊಸ ಬಟ್ಟೆ ಹಾಕ್ಕಂಡಿರೋ ದಿನ ಅವನು ತೂರಲ್ಲ, ಅದನ್ನ ನೋಡ್ಕಂಡು ಕರೀರಿ. ‘ಮೂವತ್ತು ವರ್ಷದ ಸರ್ವೀಸು ನಂದು, ನಂಗೇ ಹೇಳ್ಕೊಡ್ತೀರಾ?’ ಅಂತ ಕೇಳಿದ್ರೆ ನಿಮ್ಮ ಹೆಸರು ಹೇಳ್ಬೇಡಿ. ನಂದೇ ಹೇಳಿ. ಸರ್ವೀಸಲ್ಲಿ ನಾನೂ ಅವನಷ್ಟೇ ಸೀನಿಯರ್ರು.